ಗಾಡಿಯೊಳಗಿನ ಬಚ್ಚಲು

ಕೋಮಲಾ ಊರೂರು ತಿರುಗಿ ಕಣ್ಣು ಪರೀಕ್ಷೆ ಮಾಡುವವಳು. ಒಂದು ಟ್ರಸ್ಟಿನ ಕೆಲಸ, ಊರಿಗೆ ಮೂರು ದಿನದ ಶಿಬಿರ. ಉಳಿಯಲು ಊರಿನವರೇ ಯಾರದಾದರೂ ಮನೆ ತೋರಿಸುತ್ತಿದ್ದರು. ಕಳೆದ ವರ್ಷ ಹಡಗಲಿ ಕಡೆಯ ಒಂದು ಹಳ್ಳಿಯಲ್ಲಿ ಹಾಗೆ ಉಳಿದಿದ್ದಾಗ, ಎರಡನೆಯ ದಿನ ಬೆಳಿಗ್ಗೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿತ್ತಲಿಗೆ ಹೋದಳು. ಬಚ್ಚಲಿಗೆ ಬೀಗ ಬಿದ್ದಿತ್ತು.

"ನೀರಿಲ್ಲವ್ವಾ," ಎಂದಳು ಮನೆಯಾಕೆ, ಒಲೆಯ ಮುಂದಿನಿಂದ ಏಳದೆ.

ಪಕ್ಕದಲ್ಲೇ ತೊಟ್ಟಿ ತುಂಬಿ ಹೊರಗೆ ಚೆಲ್ಲುತ್ತಿತ್ತು. ಹಿಂದಿನ ಸಂಜೆ ಯಾರೋ ಕೋಮಲಾಳ ಜಾತಿ ಹೇಳಿಹೋಗಿದ್ದರು, ಅಷ್ಟೆ. ಅವಳು ಬರಿಯ ಮುಖ ತೊಳೆದುಕೊಂಡು ಹೋಗಿ ಅವತ್ತು ಎಂಬತ್ತು ಮಂದಿಯ ಕಣ್ಣು ನೋಡಿದಳು. ಕೂಡ್ಲಿಗಿಗೆ ಬಸ್ಸಿನಲ್ಲಿ ವಾಪಸು ಬರುವಾಗ, ಇನ್ನು ಯಾರ ಬಚ್ಚಲಿಗೂ ಕಾಲಿಡುವುದಿಲ್ಲ ಎಂದು ತೀರ್ಮಾನಿಸಿಕೊಂಡಳು.

ತಿಂಗಳೊಳಗೆ ಮನೆಯ ಮುಂದೆ ಅವಳು ಕೊಂಡ ಒಂದು ಹಳೆಯ ಸ್ಕೂಲ್ ವ್ಯಾನು ಬಂದು ನಿಂತಿತು. ಅವಳ ಅಪ್ಪ ದುರುಗಪ್ಪ ಕಟ್ಟೆಯ ಮೇಲೆ ಕೂತು ಅದನ್ನೇ ನೋಡಿದ. ಮೂವತ್ತು ವರ್ಷ ಕೂಡ್ಲಿಗಿಯ ಕೇರಿಕೇರಿಗೆ ನಲ್ಲಿ ನೀರು ಬಿಟ್ಟು ನಿವೃತ್ತನಾದವನು ಅವನು.

"ಎರಡು ದಿನ ಜಳಕ ಇಲ್ದಿದ್ರ ಏನಾಗ್ತೈತವ್ವಾ? ಆಫೀಸಿನ್ಯಾಗ ಕೂತು ಮಾಡೋ ಕೆಲಸ ಕೇಳು."

"ಏನೂ ಆಗಂಗಿಲ್ಲ ಯಪ್ಪಾ. ಆದ್ರ ಬೀಗ ಹಾಕಿದಾಕಿ ಆಕಿ. ನಾ ಯಾಕ ಕೂಡ್ಲಿ?"

ಭಾನುವಾರಗಳಲ್ಲಿ ಅವಳೇ ಸೀಟು ಬಿಚ್ಚಿದಳು, ಹಲಗೆ ಹೊಡೆದು ಮಂಚ ಮಾಡಿದಳು, ಮೇಲೆ ನೀರಿನ ಡ್ರಮ್ಮು ಕೂರಿಸಿದಳು. ಉಳಿದದ್ದು ಪಾತ್ರೆ ತೊಳೆಯುವ ಸಿಂಕು ಮತ್ತು ಒಬ್ಬರು ನಿಲ್ಲುವಷ್ಟು ಬಚ್ಚಲು. ಎರಡರ ನೀರೂ ಗಾಡಿಯ ಕೆಳಗಿನ ಒಂದು ಟ್ಯಾಂಕಿಗೆ ಇಳಿಯಬೇಕಿತ್ತು. ಪೈಪು ತರಲು ಕೊಟ್ಟೂರಿನ ಮರುಳಪ್ಪನ ಅಂಗಡಿಗೆ ಹೋದಳು.

"ಮುಸುರಿ ನೀರು, ಮೈ ತೊಳದ ನೀರು, ಎರಡೂ ಒಂದ ಪೈಪಿಗೇನವ್ವಾ?" ಮರುಳಪ್ಪ ಕನ್ನಡಕ ಏರಿಸಿದ. "ಮಡಿ ಮೈಲಿಗಿ ಅಂತ ಒಂದು ಐತಲ್ಲ."

"ಗಾಡಿ ಕೆಳಗ ಒಂದು ಟ್ಯಾಂಕಿಗಷ್ಟ ಜಾಗ ಐತ್ರಿ. ಮಡಿ ಮೈಲಿಗಿಗೆ ಜಾಗ ಇಲ್ಲ."

ಮರುಳಪ್ಪ ಒಳಗೆ ಹೋಗಿ ಪೈಪುಗಳನ್ನು ತಂದಿಟ್ಟ. ಬೀರಲಿಂಗೇಶ್ ಎಂಬ ಪ್ಲಂಬರನ ನಂಬರನ್ನೂ ಕೊಟ್ಟ.

ಬೀರಲಿಂಗೇಶ್ ಬಂದು ಸಿಂಕಿನ ಪೈಪನ್ನೂ ಬಚ್ಚಲಿನ ಪೈಪನ್ನೂ ನೆಟ್ಟಗೆ ಒಂದು ಟೀ ಆಕಾರದ ಜಾಯಿಂಟಿಗೆ ಜೋಡಿಸಿ, ಅಲ್ಲಿಂದ ಟ್ಯಾಂಕಿಗೆ ಇಳಿಸಿದ. ಕೋಮಲಾ ಸಿಂಕಿಗೆ ಒಂದು ಬಕೆಟ್ ನೀರು ಸುರಿದಳು. ನೀರು ಗುಳುಗುಳು ಎಂದು ಬಚ್ಚಲಿನ ಜಾಲರಿಯಿಂದ ಮೇಲೆದ್ದಿತು. ಮಧ್ಯಾಹ್ನದ ಅನ್ನದ ಅಗುಳು ಅವಳ ಕಾಲ ಸುತ್ತ ತೇಲಿದವು.

"ಬಚ್ಚಲಾ ನಾಕು ಇಂಚು ಎತ್ತರ ಮಾಡ್ಬೇಕ್ರಿ," ಎಂದ ಬೀರಲಿಂಗೇಶ್.

ಕೋಮಲಾ ಹಲಗೆಯ ತುಂಡೊಂದನ್ನು ಇಟ್ಟು ಅದರ ಮೇಲೆ ನಿಂತಳು. ತಲೆ ಗಾಡಿಯ ಚಾವಣಿಗೆ ಬಡಿಯಿತು.

"ಸ್ವಲ್ಪ ಬಗ್ಗಿದ್ರ ಆತ್ರಿ."

"ತಲಿ ಬಗ್ಗಿಸಿ ಜಳಕ ಮಾಡಾಕ ನನಗ ಗಾಡಿ ಬೇಕಿದ್ದಿಲ್ಲ."

"ಹಂಗಾರ ಬಚ್ಚಲಾ ಬಿಟ್ಟಬಿಡ್ರಿ. ಸಿಂಕ್ ಒಂದ ಇಟ್ಕೊಳ್ರಿ." ಅವನು ಸಾಮಾನು ಚೀಲಕ್ಕೆ ತುಂಬಿ ಬೈಕು ಹತ್ತಿದ.

ಮುಂದಿನ ಭಾನುವಾರ ಅವಳೇ ಗರಗಸ ಹಿಡಿದು ಆ ಟೀಯನ್ನು ಕತ್ತರಿಸಿ ತೆಗೆದಳು. ಬೇರೆ ಜೋಡಿಸಿದಳು, ಸೋರಿತು. ಮತ್ತೆ ಕತ್ತರಿಸಿದಳು. ಅಕ್ಕಪಕ್ಕದವರು ನಿಂತು ನೋಡಿ ನಕ್ಕು ಹೋದರು. ಮೂರನೆಯ ಭಾನುವಾರ ದುರುಗಪ್ಪ ಕಟ್ಟೆಯಿಂದ ಎದ್ದ. ಗೋಣಿಚೀಲ ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ, ಬೆರಳಗಂಟಿನಿಂದ ಟ್ಯಾಂಕನ್ನು ತಟ್ಟಿದ.

"ಇದಕ್ಕ ಬಾಯಿ ಒಂದ ಐತಿ. ನೀರು ಒಳಗ ಬರಬೇಕಂದ್ರ ಗಾಳಿ ಹೊರಗ ಹೋಗಬೇಕಲ್ಲ, ಎಲ್ಲಿಂದ ಹೋಗ್ತೈತಿ? ಬಚ್ಚಲದಾಗ ಹಾದು ಬರ್ತೈತಿ, ನೀರನ್ನೂ ಕರಕೊಂಡು."

ಅವತ್ತಿಡೀ ಇಬ್ಬರೂ ಗಾಡಿಯ ಕೆಳಗೇ ಇದ್ದರು. ಟ್ಯಾಂಕನ್ನು ಹಿಂದಿನ ಗಾಲಿಯ ಆಚೆಗೆ ಸರಿಸಿ, ಮೊದಲಿಗಿಂತ ತಗ್ಗಿಗೆ ತೂಗಿಬಿಟ್ಟರು. ಪೈಪಿಗೆ ಒಂದೇ ಸಮ ಇಳಿಜಾರು ಕೊಟ್ಟರು. ಟೀ ಇದ್ದಲ್ಲಿ, ಎರಡು ಹಳ್ಳ ಓರೆಯಾಗಿ ಬಂದು ಸೇರುವಂತೆ, ವೈ ಜಾಯಿಂಟು ಕೂರಿಸಿದರು. ಟ್ಯಾಂಕಿನ ನೆತ್ತಿಯಿಂದ ಒಂದು ಸಣ್ಣ ಪೈಪನ್ನು ಗಾಳಿಗೆಂದು ಕಿಟಕಿಯ ಮೇಲಿನ ತನಕ ಏರಿಸಿದರು. ಅಂಟು ಹಿಡಿಯುವವರೆಗೆ ಕೋಮಲಾ ಜಾಯಿಂಟನ್ನು ಅದುಮಿ ಹಿಡಿದಿದ್ದಳು.

"ನಳ ಕೆಟ್ಟೈತಿ ಅಂತ ಎಲ್ಲಾರೂ ನನ್ನ ಕರೀತಿದ್ರು," ಎಂದ ದುರುಗಪ್ಪ, ಮೇಲಕ್ಕೇ ನೋಡುತ್ತ. "ಹಿತ್ತಲಾಗಿಂದ ಬಾ ಅಂತಿದ್ರು. ಮೂವತ್ತು ವರ್ಷ ಹಿತ್ತಲಾಗಿಂದನ ಹೋಗೀನಿ. ಕೂತು ಮಾಡೋ ಕೆಲಸ ಕೇಳು ಅಂದೆನಲ್ಲ, ಅದು ಹೆದರಿಕಿಗವ್ವಾ. ನಿನಗೂ ಹಂಗ ಅಂದಾರು ಅಂತ."

"ಅಂದ್ರಲ್ಲ ಯಪ್ಪಾ."

"ಹೂಂ. ಗಟ್ಟಿ ಹಿಡಿ, ಕೈ ಬಿಡಬ್ಯಾಡ."

ಸಂಜೆ ಸಿಂಕಿಗೆ ಎರಡು ಬಕೆಟ್ ಸುರಿದು, ಶವರನ್ನೂ ತಿರುಗಿಸಿದರು. ನೀರು ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ ಎರಡೂ ಕಡೆಯಿಂದ ಇಳಿದುಹೋಯಿತು. ಬಚ್ಚಲಿನ ಜಾಲರಿಯಿಂದ ಒಂದು ಹನಿಯೂ ಮೇಲೇಳಲಿಲ್ಲ.

ಮುಂದಿನ ಶಿಬಿರ ಮಾಗಳದಲ್ಲಿತ್ತು. ಜಾಯಿಂಟು ಸೋರೀತು, ನೋಡಬೇಕು ಎಂಬ ನೆವ ಹೇಳಿ ದುರುಗಪ್ಪನೂ ಜೊತೆಗೆ ಬಂದ. ಬೆಳಿಗ್ಗೆ ಅವನು ಗಾಡಿಯೊಳಗೆ ಸ್ನಾನ ಮುಗಿಸಿ, ಮೆಟ್ಟಿಲ ಮೇಲೆ ನಿಂತು ತಲೆ ಒರೆಸಿಕೊಳ್ಳುತ್ತಿದ್ದ. ಹೊಳೆಯಿಂದ ಒದ್ದೆ ಪಂಚೆಯಲ್ಲಿ ಬರುತ್ತಿದ್ದ ಹಿರಿಯರೊಬ್ಬರು ನಿಂತರು.

"ಯಾವೂರಾತ್ರಿ? ಯಾರ ಪೈಕಿ?"

ಒಳಗೆ ಕೂದಲು ಬಾಚುತ್ತಿದ್ದ ಕೋಮಲಾಳ ಕೈ ನಿಂತಿತು. ಈ ಪ್ರಶ್ನೆಗೆ ಅಪ್ಪ ಯಾವಾಗಲೂ ನೆಲ ನೋಡುತ್ತ ಊರಿನ ಹೆಸರಷ್ಟೇ ಹೇಳುತ್ತಿದ್ದುದು ಅವಳಿಗೆ ಗೊತ್ತಿತ್ತು.

"ಕೂಡ್ಲಿಗಿ ರೀ. ಮಾದಿಗ್ರ ದುರುಗಪ್ಪ ನಾನು," ಎಂದ ಅವನು, ಟವೆಲ್ಲು ಹಿಂಡಿ ಬಾಗಿಲಿಗೆ ಹಾಕುತ್ತ. "ಕಣ್ಣು ನೋಡಾಕ ಬಂದಾಳಲ್ಲ, ಆಕಿ ನನ್ನ ಮಗಳು. ಗಾಡಿ ಆಕೀದು. ಬಚ್ಚಲಾ ಇಬ್ರೂ ಕೂಡಿ ಕಟ್ಟೀವಿ."

ಹಿರಿಯರು ಪಂಚೆಯ ಅಂಚು ಹಿಂಡಿಕೊಂಡರು. ಆಮೇಲೆ, "ನೀರು ಎಲ್ಲಿಗೆ ಹೋಗ್ತೈತಿ?" ಎಂದರು. ದುರುಗಪ್ಪ ಕುಕ್ಕರಗಾಲಲ್ಲಿ ಕೂತು ಟ್ಯಾಂಕು ತೋರಿಸಿದ, ಗಾಳಿ ಪೈಪು ತೋರಿಸಿದ. ಅವರು ಬಗ್ಗಿ ನೋಡಿ, ತಮ್ಮ ದಾರಿ ಹಿಡಿದರು. ಅವರಿಗೆ ಏನನ್ನಿಸಿತೋ ತಿಳಿಯಲಿಲ್ಲ. ದುರುಗಪ್ಪನೂ ತಿಳಿಯಲು ಹೋಗಲಿಲ್ಲ.

ಹನ್ನೊಂದರ ಸುಮಾರಿಗೆ ಟ್ರಸ್ಟಿನ ಅರುಣಕುಮಾರ್ ಫೋನು ಮಾಡಿದರು. ಸಿಬ್ಬಂದಿ ಗಾಡಿಯಲ್ಲಿ ಮಲಗುವುದು ನೋಡಿದವರಿಗೆ ಚೆನ್ನಾಗಿ ಕಾಣುವುದಿಲ್ಲ, ಮುಂದಿನ ಸಲಕ್ಕೆ ಅರಸೀಕೆರೆಯಲ್ಲಿ ಒಳ್ಳೆಯ ಮನೆಯೊಂದನ್ನು ಹೇಳಿಟ್ಟಿದ್ದೇವೆ ಎಂದರು.

"ಮನಿ ಬ್ಯಾಡ್ರಿ ಸರ್," ಎಂದಳು ಕೋಮಲಾ. "ಗಾಡಿ ನಿಲ್ಸಾಕ ಸಮ ನೆಲ ಇರೋ ಜಾಗ ನೋಡ್ರಿ. ನೆಲ ಓರೆ ಇದ್ರ ನೀರು ನಿಲ್ತೈತಿ."

ಫೋನು ಮೇಜಿನ ಮೇಲಿಟ್ಟು, ಸಾಲಿನಲ್ಲಿ ಮುಂದೆ ನಿಂತಿದ್ದ ಅಜ್ಜಿಯನ್ನು ಕುರ್ಚಿಗೆ ಕರೆದಳು.