ಕೈ ಮುಗಿಯುವಷ್ಟು ಹೊತ್ತು

ಸತ್ಯಪ್ರಕಾಶ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು 2016ರ ಮಾರ್ಚ್ ತಿಂಗಳ ಒಂದು ಗುರುವಾರ ಬೆಳಿಗ್ಗೆ. ಪೂಜೆ ಮುಗಿಸಿ ವಿಭೂತಿಯ ತಟ್ಟೆ ಒಳಗಿಡುತ್ತಿದ್ದೆ. ಡಲ್ಲಾಸಿನಿಂದ ಮೋಹನರಾಜನ ಫೋನ್ ಬಂತು.

"ನಂಜುಂಡ, ಸತ್ಯ ಹೋಗ್ಬಿಟ್ಟ ಕಣೋ. ಹಾರ್ಟ್ ಅಟ್ಯಾಕ್. ಕುಮುದಾ ಫೋನ್ ಮಾಡಿದ್ರು."

ಬಾಯಿಗೆ ಶಿವನ ಹೆಸರು ಬರಬೇಕಾಗಿತ್ತು. ಬಂದದ್ದು ಬೇರೆ ಮಾತು.

"ನಿನಗೆ ಯಾವಾಗ ಮಾಡಿದ್ರು?"

"ಐದು ಗಂಟೆಗೆ."

ಗೋಡೆಯ ಗಡಿಯಾರದಲ್ಲಿ ಎಂಟಾಗಿತ್ತು. ಮೋಹನರಾಜ ಡಾಕ್ಟರು, ಎದೆ ನೋವು ಎಂದಾಗ ಸತ್ಯನ ಹೆಂಡತಿ ಕುಮುದಾ ಮೊದಲು ಅವನನ್ನು ಕೇಳಿದ್ದು ಸಹಜ. ಅದು ನನಗೆ ಗೊತ್ತಿತ್ತು. ಆದರೂ ಅಳು ಬರುವ ಮೊದಲು ಬಂದದ್ದು ಹೊಟ್ಟೆಯುರಿ. ಸತ್ಯನ ಸಾವು ಮೂರು ಗಂಟೆಯ ಕಾಲ ಅವನೊಬ್ಬನದಾಗಿತ್ತು.

ಮೈಸೂರಿನಲ್ಲಿ ನಾವು ಮೂವರೂ ಒಂದೇ ಮಠದ ವಿದ್ಯಾರ್ಥಿನಿಲಯದಲ್ಲಿದ್ದವರು. ಸತ್ಯನೂ ನಾನೂ ಒಂದೇ ಕೋಣೆ, ಮೋಹನರಾಜ ಮೇಲಿನ ಮಹಡಿ. ಕೊನೆಗೆ ಮೂವರೂ ಟೆಕ್ಸಾಸಿಗೆ ಬಂದು ಸೇರಿದೆವು. ಸತ್ಯ ಹ್ಯೂಸ್ಟನ್ನಿನ ತೈಲ ಕಂಪನಿಗಳ ಎನರ್ಜಿ ಕಾರಿಡಾರ್‌ನಲ್ಲಿ ಕೆಲಸ ಮಾಡಿದ. ನಾನು ಕಂಪ್ಯೂಟರ್ ಕಂಪನಿಯಿಂದ ನಿವೃತ್ತನಾಗಿ ರೌಂಡ್ ರಾಕ್‌ನಲ್ಲೇ ಉಳಿದೆ.

ಭಾನುವಾರ ಊಟವಾದ ಮೇಲೆ ಆನ್‌ಲೈನ್ ಪೋಕರ್ ಆಡುವ ರೂಢಿ ಹಾಕಿದವನು ಸತ್ಯ. ನಮ್ಮದೇ ಟೇಬಲ್, ಚಿಲ್ಲರೆ ಕಾಸಿನ ಆಟ, ಜೊತೆಗೆ ಕನ್ನಡ ಸಂಘದ ಇನ್ನೂ ಇಬ್ಬರು. ಮಾತಿಗೆ ಫೋನ್ ತೆರೆದಿರುತ್ತಿತ್ತು. ಪ್ರತಿಯೊಬ್ಬನಿಗೂ ಎರಡೆರಡು ಇಸ್ಪೀಟೆಲೆ ಮುಚ್ಚಿ ಬರುತ್ತವೆ. ಆಮೇಲೆ ನಡುವೆ ಮೂರು ಎಲೆ ತೆರೆಯುತ್ತವೆ. ಅದನ್ನು ಫ್ಲಾಪ್ ಎನ್ನುತ್ತಾರೆ. ಆಟವೆಲ್ಲ ಅದಕ್ಕೆ ಮುಂಚೆಯೇ ಇದೆ ಎಂದು ಸತ್ಯ ಹೇಳುತ್ತಿದ್ದ. ಹೇಳುತ್ತಿದ್ದದ್ದು ನನಗಲ್ಲ, ಮೋಹನರಾಜನಿಗೆ.

"ಎಕ್ಕ ಜೋಡಿ, ರಾಜ ಜೋಡಿ, ರಾಣಿ ಜೋಡಿ, ಎಕ್ಕದ ಜೊತೆ ರಾಜ. ಇವು ಬಂದ್ರೆ ಫ್ಲಾಪ್‌ಗೆ ಮುಂಚೆನೇ ರೈಸ್ ಮಾಡಿ ಪಣ ಏರಿಸೋ. ಸುಮ್ನೆ ಕೂತ್ರೆ ಉಳಿದ ನಾಲ್ಕು ಜನಾನೂ ಅಗ್ಗಕ್ಕೆ ಒಳಗೆ ಬರ್ತಾರೆ. ಕಸದಂಥ ಎಲೆ ಹಿಡಿದೋನು ನಿನ್ನ ಎಕ್ಕ ಮುರೀತಾನೆ."

"ರೈಸ್ ಮಾಡಿದ್ರೆ ಎಲ್ಲಾ ಓಡಿಹೋಗ್ತಾರಲ್ಲೋ!"

"ಈ ಚಿಲ್ಲರೆ ಆಟದಲ್ಲಿ ಯಾರೂ ಓಡಲ್ಲ ಮಾರಾಯ. ನೀನೊಬ್ಬ ಓಡೋನು."

ನಗು. ನಾನು ಕೇಳಿಸಿಕೊಳ್ಳುತ್ತಿದ್ದೆ. ವಾರದ ನಡುವೆಯೂ ಸತ್ಯ ಅವನಿಗೆ ಫೋನ್ ಮಾಡಿ ಪಾಠ ಹೇಳುತ್ತಿದ್ದನಂತೆ. ನನಗೆ ಒಂದು ದಿನವೂ ಹೇಳಲಿಲ್ಲ. ನಾನಾಗಿ ಕೇಳಲೂ ಇಲ್ಲ. ಒಂದೇ ಕೋಣೆಯಲ್ಲಿ ಐದು ವರ್ಷ ಮಲಗಿದವನು ಕೇಳಬೇಕೇ?

ಇನ್ನೊಂದು ಉರಿಯೂ ಇತ್ತು. ನನಗೆ ಎಕ್ಕ ಜೋಡಿ ಬಂದಾಗಲೆಲ್ಲ ಸತ್ಯ ತಪ್ಪಿಸಿಕೊಳ್ಳುತ್ತಿದ್ದ. ಅಂಥ ಎಲೆ ಬಂದರೆ ನಾನು ಕಂಪ್ಯೂಟರಿನ ಮೇಲಿರುವ ನಂಜುಂಡೇಶ್ವರನ ಪಟಕ್ಕೆ ಕೈ ಮುಗಿಯುತ್ತೇನೆ. ಕೊಟ್ಟವನನ್ನು ನೆನೆಯದೆ ಮುಂದಿನ ಕೆಲಸ ನನ್ನಿಂದಾಗದು. ಆಮೇಲೆ ರೈಸ್. ಸತ್ಯ ಆ ಕೂಡಲೇ ಎಲೆ ಎಸೆದು ಆ ಸುತ್ತು ಬಿಡುತ್ತಿದ್ದ. ಒಂದು ಭಾನುವಾರವಂತೂ ಎಸೆದ ಎಲೆಯನ್ನು ಎಲ್ಲರಿಗೂ ತೋರಿಸಿದ. ರಾಜ ಜೋಡಿ!

"ಲೋ ಹುಚ್ಚಾ! ರಾಜ ಜೋಡಿ ಯಾರಾದ್ರೂ ಎಸೀತಾರೇನೋ?" ಎಂದು ಮೋಹನರಾಜ ಕೂಗಿದ.

"ಮನಸ್ಸು ಒಪ್ಪಲಿಲ್ಲ ಕಣೋ," ಎಂದ ಸತ್ಯ.

ಅಂಥ ಬುದ್ಧಿಯನ್ನು ದೇವರು ಅವನಿಗೆ ಕೊಟ್ಟ, ನನಗೆ ಬರೀ ಎಲೆ ಕೊಟ್ಟ ಎಂದು ವಾರವೆಲ್ಲ ಬೆಂದೆ. ನನ್ನ ಹೆಂಡತಿ ಅನುಸೂಯಾ, "ರುದ್ರ ಹೇಳೋವಾಗಲೂ ಮುಖ ಗಂಟು ಹಾಕ್ಕೊಂಡಿದ್ದೀರಿ," ಎಂದಳು.

ಹದಿಮೂರನೆಯ ದಿನದ ಕಾರ್ಯಕ್ಕೆ ಇಬ್ಬರೂ ಹ್ಯೂಸ್ಟನ್ನಿಗೆ ಹೋದೆವು. ಮೋಹನರಾಜ ಆಗಲೇ ಬಂದು ಬಾಳೆಲೆ ಒರೆಸುತ್ತಿದ್ದ, ಮನೆಯವನ ಹಾಗೆ. ಊಟವಾದ ಮೇಲೆ ಕುಮುದಾ ಸತ್ಯನ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟರು.

"ಅಣ್ಣಾ, ನಿಮ್ಮ ಟೇಬಲ್‌ನಲ್ಲಿ ಅವರ ಹೆಸರು ಇನ್ನೂ ಇದೆಯಂತೆ. ನೋಡೋಕೆ ಆಗಲ್ಲ. ನೀವೇ ತೆಗೆದುಬಿಡಿ."

ಮೋಹನರಾಜನಿಗೆ ಹೇಳದೆ ನನಗೆ ಹೇಳಿದರಲ್ಲ ಎಂದು ಅಂಥ ಹೊತ್ತಿನಲ್ಲೂ ಒಳಗೊಳಗೇ ಹಿಗ್ಗಿದೆ.

ಟೇಬಲ್ ತೆರೆಯಿತು. ಜೊತೆಯ ಆಟಗಾರನ ಬಗ್ಗೆ ಟಿಪ್ಪಣಿ ಬರೆದಿಡಲು ಅದರಲ್ಲಿ ಜಾಗವಿದೆ. ಬರೆದವನಿಗೆ ಮಾತ್ರ ಅದು ಕಾಣುತ್ತದೆ. ಮೌಸಿನ ಬಾಣ ಮೋಹನರಾಜನ ಹೆಸರಿನ ಮೇಲೆ ಹೋದಾಗ ಸತ್ಯ ಬರೆದ ಕನ್ನಡ ಕಾಣಿಸಿತು. ಮೋಹನರಾಜ ನನ್ನ ಹೆಗಲ ಹಿಂದೆ ಬಂದು ನಿಂತ.

"ಏನೋ ಅದು? ಕನ್ನಡಕ ತಂದಿಲ್ಲ, ಓದೋ."

"ಎಕ್ಕ ಬಂದರೂ ಹೆದರುತ್ತಾನೆ. ಪಾಪ. ಹತ್ತು ಸಲ ಹೇಳಿದ್ದೇನೆ, ಇನ್ನೂ ಹತ್ತು ಸಲ ಹೇಳಬೇಕು."

ಮೋಹನರಾಜ ನಕ್ಕ, ನಗುತ್ತ ಅತ್ತ. ನನ್ನ ಹೆಸರಿನಲ್ಲಿ ಏನೂ ಇಲ್ಲದಿದ್ದರೆ ಎಂದು ಭಯವಾಯಿತು. ಬಾಣವನ್ನು ಮೆಲ್ಲನೆ ಸರಿಸಿದೆ.

‘ನಂಜುಂಡ. ತಡಮಾಡಿದರೆ ದೊಡ್ಡ ಜೋಡಿ ಬಂದಿದೆ ಎಂದರ್ಥ. ದೇವರಿಗೆ ಕೈ ಮುಗಿಯುತ್ತಿದ್ದಾನೆ. ಎಲೆ ಎಸೆ. ಇವನಿಗೆ ಪಾಠ ಬೇಡ. ಮೋಹನನಿಗೆ ಈ ಗುಟ್ಟು ಹೇಳಬಾರದು. ಅವನು ಗೇಲಿ ಮಾಡುತ್ತಾನೆ, ಇವನು ಕೈ ಮುಗಿಯುವುದನ್ನೇ ಬಿಟ್ಟಾನು.’

ಮಗ್ಗುಲ ಮಂಚದಲ್ಲಿ ಮಲಗಿ, ಬೆಳಗಿನ ಜಾವ ನಾನು ಕೈ ಮುಗಿಯುವುದನ್ನು ಐದು ವರ್ಷ ನೋಡಿದವನು ಅವನೊಬ್ಬನೇ.

"ನಿನ್ನ ಬಗ್ಗೆ ಏನು ಬರ್ದಿದ್ದಾನೋ?" ಎಂದ ಮೋಹನರಾಜ.

"ಏನೂ ಇಲ್ಲ."

ಸತ್ಯನ ಮಾತು ಉಳಿಸಲು ಹಾಗೆ ಹೇಳಿದೆ ಎಂದರೆ ಅರ್ಧ ನಿಜ. ಅದು ನನ್ನೊಬ್ಬನದಾಗಿರಲಿ ಎಂಬುದು ಇನ್ನರ್ಧ.

"ಪಾಪ ಬಿಡು," ಎಂದು ಅವನು ನನ್ನ ಬೆನ್ನು ಸವರಿದ. ನಾನು ತಲೆ ತಗ್ಗಿಸಿದೆ.

ಹೆಸರು ತೆಗೆಯುವ ಗುಂಡಿ ಒತ್ತುವ ಮೊದಲು ಕೈ ಮುಗಿದೆ.

"ಒಂದು ಬಟನ್ ಒತ್ತೋಕೆ ಎಷ್ಟು ಹೊತ್ತೋ?"

ಕಣ್ಣು ಮುಚ್ಚಿ ಬೇಡಿಕೊಂಡೆ. ನಂಜುಂಡೇಶ್ವರಾ, ನಾನು ಕೈ ಮುಗಿಯುವಷ್ಟು ಹೊತ್ತೂ ಕಾದು ಕುಳಿತವನು ನಿನ್ನ ಬಳಿಗೆ ಬಂದಿದ್ದಾನೆ. ಅವನನ್ನು ಕಾಯಿಸಬೇಡ. ನನ್ನ ಹೊಟ್ಟೆಯುರಿ ಅವನಿಗೆ ತಗುಲದಿರಲಿ. ಅವನಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು.