ತಾನಾಗಿಯೇ ತಿರುಗುವ ಯಂತ್ರ

ನನ್ನ ಗಂಡ ರೇವಣಸಿದ್ದನ ಯಂತ್ರ ಕರೆಂಟಿಲ್ಲದೆ ತಾನಾಗಿಯೇ ತಿರುಗುತ್ತದೆಂದು ಅರ್ಧ ಶಹಾಪುರ ನಂಬಿತ್ತು. ನಂಬುವವರಿಗೇನು, ಅದು ನಿಂತರೆ ಪೆಟ್ಟು ತಿನ್ನುವವಳು ನಾನು.

ಮನೆಯ ಮುಂಭಾಗದಲ್ಲೇ ನಮ್ಮದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತುವವಳು ನಾನು; ಬೋರ್ಡಿನ ಮೇಲೆ ಹೆಸರು ಅವನದು. ಮೂರು ವರ್ಷದ ಹಿಂದೆ ಯಾರೋ ಅವನಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಮೋಟಾರು ಒಂದು ಭಾರದ ಗಾಲಿಯನ್ನು ತಿರುಗಿಸುತ್ತದೆ, ಗಾಲಿ ಡೈನಮೋ ತಿರುಗಿಸುತ್ತದೆ, ಡೈನಮೋದ ಕರೆಂಟು ಮತ್ತೆ ಅದೇ ಮೋಟಾರಿಗೆ. ಒಮ್ಮೆ ಶುರು ಮಾಡಿದರೆ ಜನ್ಮವಿಡೀ ತಿರುಗುತ್ತದಂತೆ! ಏಳನೇ ಕ್ಲಾಸು ಓದಿದ ನನಗೇ ಅದು ಆಗದ ಮಾತೆಂದು ಗೊತ್ತಿತ್ತು. ಬೇರಿಂಗ್ ಮುಟ್ಟಿ ನೋಡಿದರೆ ಸಾಕು, ಶಕ್ತಿಯೆಲ್ಲ ಹೇಗೆ ಬಿಸಿಯಾಗಿ ಸೋರುತ್ತದೆಂದು ತಿಳಿಯುತ್ತದೆ. ಹಾಗಂತ ಹೇಳಿಯೂ ನೋಡಿದೆ. ಅವತ್ತು ನನ್ನ ಒಂದು ಹಲ್ಲು ಹೋಯಿತು.

ಯಂತ್ರ ಅರ್ಧ ನಿಮಿಷ ತಿರುಗಿ ನಿಂತುಬಿಡುತ್ತಿತ್ತು. ನಿಂತಾಗೆಲ್ಲ ತಪ್ಪು ನನ್ನ ವೈಂಡಿಂಗಿನದು. ಬೆಲ್ಟಿನಿಂದ ಹೊಡೆದ, ಬೋಲ್ಟು ಬಿಚ್ಚುವ ಕಬ್ಬಿಣದ ಪಾನಾದಿಂದ ಹೊಡೆದ. ಯುಗಾದಿಯ ಮುಂದೆ ಪಕ್ಕೆಲುಬು ಮುರಿದಾಗ ಗೋಡೆಯಾಚೆ ಜೆರಾಕ್ಸ್ ಅಂಗಡಿ ನಡೆಸುವ ಚಮನಬೀ ಬಂದು ನನ್ನ ತಲೆಯ ಹತ್ತಿರ ಕೂತಳು.

"ಇನ್ನೊಂದ ಸಲ ಆ ಮಷೀನ್ ನಿಂತ್ರ ನೀ ಉಳ್ಯಾಂಗಿಲ್ಲ ನೋಡು," ಎಂದಳು.

"ಹಂಗಾರ ಅದು ನಿಲ್ಲಬಾರ್ದು," ಎಂದೆ.

ಅವನು ಸಾಮಾನು ತರಲು ಯಾದಗಿರಿಗೆ ಹೋದ ದಿನ ಇಬ್ಬರೂ ಸೇರಿ ಗೋಡೆಗೆ ತೂತು ಕೊರೆದೆವು. ಅವಳ ಅಂಗಡಿಯ ಇನ್ವರ್ಟರಿನಿಂದ ಒಂದು ವೈರು ಎಳೆದು, ನೆಲದೊಳಗೆ ಹುಗಿದು, ಮೇಲೆ ಸಿಮೆಂಟು ಮೆತ್ತಿದೆ. ಯಂತ್ರದ ಅಡಿಯಿಂದ ಅದನ್ನು ಮೋಟಾರಿಗೆ ಕೂಡಿಸಿ, ಡೈನಮೋದ ವೈರನ್ನು ಟೇಪಿನೊಳಗೇ ಕತ್ತರಿಸಿಟ್ಟೆ. ಊರಿನ ಕರೆಂಟು ಹೋದರೂ ಯಂತ್ರ ತಿರುಗಿತು. ನಾಲ್ಕು ತಿಂಗಳು ಅವನು ಹಿಗ್ಗಿ ಹೀರೇಕಾಯಿಯಾಗಿದ್ದ, ನಾಲ್ಕು ತಿಂಗಳು ನನ್ನ ಮೈಮೇಲೆ ಒಂದು ಏಟು ಬೀಳಲಿಲ್ಲ.

ಆದರೆ ಜನ ಸುಮ್ಮನಿರಬೇಕಲ್ಲ. ಯಾದಗಿರಿ, ಶಹಾಪುರ, ಸುರಪುರದ ವಿಜ್ಞಾನದ ಹುಚ್ಚಿರುವ ಗಂಡಸರದೊಂದು ವಾಟ್ಸಾಪ್ ಗುಂಪಿದೆ. ಮನುಷ್ಯ ಚಂದ್ರನ ಮೇಲೆ ಹೋದದ್ದು ಖರೆಯೋ ಸುಳ್ಳೋ, ಅಯಸ್ಕಾಂತದ ಬಳೆ ತೊಟ್ಟರೆ ಬಿ.ಪಿ. ಇಳಿಯುತ್ತದೋ ಇಲ್ಲವೋ ಎಂದು ದಿನಾ ಒಬ್ಬರ ತಲೆ ಒಬ್ಬರು ತಿನ್ನುತ್ತಾರೆ. ನಮ್ಮ ಯಂತ್ರದ ಮೇಲೆ ಹದಿನೈದು ದಿನ ಕಿತ್ತಾಡಿ, ಒಂದು ಭಾನುವಾರ ಎಂಟು ಜನ ಬಂದೇ ಬಿಟ್ಟರು. ಯಂತ್ರವನ್ನು ನಂಬದವರು ಅವರಲ್ಲಿ ಒಬ್ಬರೇ, ಸುರಪುರದ ಜಲಾಲುದ್ದೀನ ಮಾಸ್ತರು. ಐಟಿಐಯಲ್ಲಿ ಕಲಿಸಿ ನಿವೃತ್ತರಾದವರು, ಅಳೆದು ನೋಡದೆ ಯಾವುದನ್ನೂ ಒಪ್ಪದ ಮನುಷ್ಯ. ಚಮನಬೀ ಅವತ್ತು ಇನ್ವರ್ಟರ್ ಚಾಲೂ ಬಿಟ್ಟು, ಅಂಗಡಿಗೆ ಬೀಗ ಹಾಕಿ ತವರಿಗೆ ಹೋಗಿದ್ದಳು.

ಮಾಸ್ತರು ನಮ್ಮ ಮನೆಯ ಫ್ಯೂಸು ಕಿತ್ತರು. ಯಂತ್ರ ತಿರುಗುತ್ತಲೇ ಇತ್ತು. ಉಳಿದ ಏಳು ಜನ ಚಪ್ಪಾಳೆ ಹೊಡೆದರು, ರೇವಣಸಿದ್ದ ಮೀಸೆ ತಿರುವಿದ.

"ಇದನ್ನ ಎತ್ತಿ ಅಂಗಳದಾಗ ಇಡ್ರಿ," ಎಂದರು ಮಾಸ್ತರು. "ಅಲ್ಲಿ ತಿರಗಿದ್ರ ನಾ ಒಪ್ಪತೀನಿ."

ನಾನು ಅಡ್ಡ ಬಂದೆ. "ಬ್ಯಾಡ್ರಿ ಮಾಸ್ತರ, ಬೋಲ್ಟ್ ಬಿಚ್ಚಿದ್ರ ಗಾಲಿ ಲೈನ್ ತಪ್ಪತದರಿ."

"ನೀ ಬಾಯಿ ಮುಚ್ಚು!" ಎಂದ ಗಂಡ. ಅವನಂತೂ ಖರೇನೇ ನಂಬಿದ್ದ. "ಎತ್ರಿ!"

ಯಂತ್ರ ಬಂದ್ ಮಾಡಿ, ಬೋಲ್ಟು ಬಿಚ್ಚಿ, ನಾಲ್ಕು ಜನ ಎತ್ತಿದರು. ಅಡಿಯ ವೈರು ಜಗ್ಗಿ ನೆಲದ ಸಿಮೆಂಟು ಸಿಡಿಯಿತು, ಮೋಟಾರಿನ ಕಡೆ ವೈರು ಕಿತ್ತುಹೋಯಿತು. ತಾಮ್ರದ ಬೆತ್ತಲೆ ತುದಿಗಳು ನೆಲದ ಮೇಲೆ ಬಿದ್ದವು. ರೇವಣಸಿದ್ದ ವೈರು ನೋಡಿದ, ಗೋಡೆ ನೋಡಿದ, ನನ್ನನ್ನು ನೋಡಿದ. ಆ ಮನೆಯಲ್ಲಿ ಅವನನ್ನು ಬಿಟ್ಟರೆ ಹೀಗೆ ವೈರು ಕೂಡಿಸಬಲ್ಲವಳು ನಾನೊಬ್ಬಳೇ.

ಪಾನಾದ ಮೊದಲ ಏಟು ಹೆಗಲಿಗೆ ಬಿತ್ತು, ಎರಡನೆಯದು ತಲೆಗೆ. ರಕ್ತ ಕಣ್ಣಿಗಿಳಿಯಿತು. "ಗಂಡ ಹೆಂಡ್ತಿ ಜಗಳ, ನಡ್ರಿ ಹೊರಗ," ಎಂದ ಯಾರೋ ಒಬ್ಬ ಹೇಡಿ. ಏಳು ಜನ ಬಾಗಿಲಿಗೆ ಸರಿದರು. ಮಾಸ್ತರೊಬ್ಬರೇ ಹಿಂದಿನಿಂದ ಅವನನ್ನು ಹಿಡಿದರು, ಅವನು ಅವರನ್ನೂ ಗೋಡೆಗೆ ದಬ್ಬಿದ.

"ಯಾಕ ಮಾಡಿದಿ? ಹೇಳ, ಹಲ್ಕಟ್!"

"ಅದು ನಿಂತ್ರ ನನ್ನ ಹೊಡಿತಿದ್ದಿ. ಅದಕ್ಕ ಮಾಡೀನಿ!" ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದೆ.

ಅವನು ಪಾನಾ ಒಗೆದು, ವೈರನ್ನು ಗೋಡೆಯಿಂದಲೇ ಕಿತ್ತೊಗೆಯಲು ಬಗ್ಗಿ ಹಿಡಿದ. ಜೀವಮಾನವೆಲ್ಲ ಕರೆಂಟಿನ ಕೆಲಸ ಮಾಡಿದವನು, ಸಿಟ್ಟಿನಲ್ಲಿ ಬೆತ್ತಲೆ ತುದಿಗೇ ಕೈ ಹಾಕಿದ್ದ. ಮುಷ್ಟಿ ಬಿಗಿದುಕೊಂಡಿತು. ಹಲ್ಲು ಕಚ್ಚಿಕೊಂಡು ಇಡೀ ಮೈ ಅದುರತೊಡಗಿತು.

"ಮುಟ್ಟಬ್ಯಾಡ್ರಿ! ಒಣ ಕಟ್ಟಿಗಿ ತರ್ರಿ, ಕಟ್ಟಿಗಿ!" ಮಾಸ್ತರು ಕಿರುಚಿದರು. ಏಳು ಜನ ಅಂಗಳಕ್ಕೆ ಓಡಿದರು.

ಮೋಟಾರಿನೊಳಗೆ ತಂತಿಯ ಸುರುಳಿ ಬಡಿದು ಕೂಡಿಸುವ ನನ್ನ ಕಟ್ಟಿಗೆಯ ಕೊಡತಿ ಕೈಗೆಟಕುವಲ್ಲೇ ಇತ್ತು. ಎತ್ತಿಕೊಂಡೆ. ಎತ್ತಿಕೊಂಡು ಸುಮ್ಮನೆ ನಿಂತೆ. ಸುಳ್ಳೇಕೆ ಹೇಳಲಿ, ಸಾಯಲಿ ಎಂದೇ ಅನಿಸಿತು. ಆಮೇಲೆ ನನ್ನನ್ನು ಹೊಡೆಯುತ್ತಿದ್ದ ಆ ಕೈಯನ್ನು ನೋಡಿದೆ, ಮೈಯಲ್ಲಿದ್ದ ಬಲವೆಲ್ಲ ಹಾಕಿ ಬೀಸಿದೆ.

ಮೊದಲ ಪೆಟ್ಟಿಗೇ ವೈರು ಕೈಯಿಂದ ಬಿಟ್ಟಿತು. ಅವನು ನೆಲಕ್ಕುರುಳಿ ಉಸಿರಿಗಾಗಿ ಬಾಯಿ ಬಿಟ್ಟ. ಬದುಕಿದ್ದಾನೆಂದು ಬಗ್ಗಿ ಖಾತ್ರಿ ಮಾಡಿಕೊಂಡೆ. ನಂತರ ಅವನ ಮುಂಗೈ ಮೇಲೆ ಮೊಣಕಾಲೂರಿ ಮತ್ತೆ ಹೊಡೆದೆ. ಎಲುಬು ಲಟಕ್ಕೆಂದಿತು. ಇನ್ನೊಂದು ಹೊಡೆದೆ, ಮತ್ತೊಂದು ಹೊಡೆದೆ. ಮೂರು ವರ್ಷದಲ್ಲಿ ಅಷ್ಟು ಹಗುರ ನನಗೆ ಯಾವತ್ತೂ ಅನಿಸಿರಲಿಲ್ಲ. ಮಾಸ್ತರು ಬಂದು ಕೊಡತಿ ಹಿಡಿದುಕೊಂಡು, "ಸಾಕು ತಂಗಿ," ಎಂದರು. ಕಟ್ಟಿಗೆ ತರಲು ಹೋದವರು ಇನ್ನೂ ಹುಡುಕುತ್ತಲೇ ಇದ್ದರು.

ಆಸ್ಪತ್ರೆಯಲ್ಲಿ ನನ್ನ ತಲೆಗೆ ಒಂಬತ್ತು ಹೊಲಿಗೆ ಬಿದ್ದವು. ಪಕ್ಕದ ಮಂಚದಲ್ಲಿ ಮಲಗಿದ್ದ ರೇವಣಸಿದ್ದನ ಎಕ್ಸರೇ ಹಿಡಿದು ಡಾಕ್ಟರು ಹುಬ್ಬು ಗಂಟಿಕ್ಕಿದರು.

"ವೈರ್ ಬಿಡಿಸಾಕ ಒಂದ ಏಟು ಸಾಕಿತ್ತು. ಈ ಕೈ ನಾಕು ಕಡಿ ಮುರದದ. ಎಷ್ಟು ಹೊಡದಾಳ ಆಕಿ?"

ಜಲಾಲುದ್ದೀನ ಮಾಸ್ತರು ನನ್ನ ತಲೆಯ ಪಟ್ಟಿಯನ್ನು ನೋಡಿದರು, ಅವನನ್ನು ನೋಡಿದರು.

"ಒಂದ ಏಟ್ರಿ ಸಾಹೇಬ್ರ," ಎಂದರು. "ನಾ ಅಲ್ಲೇ ನಿಂತು ಎಣಿಸೀನಿ."