ಬೀಜಗಳ ಆಟ

ಎಲ್ಲ ಮಕ್ಕಳ ತಲೆಗೂ ಕಾಗದದ ಹೂವಿನ ಕಿರೀಟ ಏರಿತು. ಮೇಜಿನ ಮೇಲೆ ಹಳದಿಯದೊಂದು ಉಳಿದೇ ಹೋಯಿತು. ಟೀಚರ್ ಮತ್ತೊಮ್ಮೆ ತಲೆ ಎಣಿಸಿದಳು.

"ಗುಬ್ಬಿ ಎಲ್ಲಿ?"

"ಅಂಗಳದಲ್ಲಿ ನಿಮ್ ಜೊತೆನೇ ಇದ್ಲಲ್ಲ ಮಿಸ್!" ಎಂದಳು ಆಯಾ.

ಗುಬ್ಬಿ ಆ ಶಿಶುವಿಹಾರಕ್ಕೆಲ್ಲ ಚಿಕ್ಕವಳು. ಕೂರು ಅಂದರೆ ಕೂರುವ, ಸುಮ್ಮನಿರು ಅಂದರೆ ಉಸಿರನ್ನೂ ಸದ್ದಿಲ್ಲದೆ ಬಿಡುವ ಮಗು. ಅದಕ್ಕಾಗಿ ಟೀಚರ್ ಅವಳನ್ನು ಎಲ್ಲರೆದುರು ಹೊಗಳಿದ್ದೇ ಹೊಗಳಿದ್ದು.

ಮಕ್ಕಳನ್ನು ಆಯಾಳಿಗೆ ಒಪ್ಪಿಸಿ ಹೊರಗೋಡಿದರೆ ಗೇಟು ಹಾರುಹೊಡೆದಿತ್ತು. ಆಚೆ ರಸ್ತೆಯಲ್ಲಿ ಲಾರಿಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅವಳು ಅಂಗಳವೆಲ್ಲ ಸುತ್ತಿ ಕೂಗಿದಳು.

"ಗುಬ್ಬೀ! ಗುಬ್ಬಮ್ಮಾ!"

ಓ ಎನ್ನುವವರಿಲ್ಲ. ಸಂಜೆ ಅವಳಮ್ಮ ಬಂದು ಕೈ ಚಾಚಿದರೆ ಏನು ಕೊಡುವುದು, ಆ ಕಿರೀಟವನ್ನೇ?

"ಏನಾಯ್ತು ಟೀಚರಮ್ಮ?" ಎಂದ ಮಾಲಿ. ಮಕ್ಕಳು ಒಳಗೆ ಹೋದರಲ್ಲ ಎಂದು ಅವನು ಗೋಡೆ ಪಕ್ಕದ ತರಗೆಲೆ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿ ಗೀರುತ್ತಿದ್ದ. ಗಾಳಿಗೆ ಆರಿತು. ಇನ್ನೊಂದು ತೆಗೆದ.

ತರಗೆಲೆ ಕಂಡದ್ದೇ ಅವಳಿಗೆ ಆಟ ನೆನಪಾಯಿತು. ವಸಂತವನ್ನು ಬರಮಾಡಿಕೊಳ್ಳಲೆಂದು ತಾನೇ ಕಟ್ಟಿದ ಆಟ. "ನೀವೆಲ್ಲ ಬೀಜಗಳು. ಎಲೆ ಹೊದ್ಕೊಂಡು ಮಲಗಿ. ವಸಂತ ಬಂತು ಅಂತ ನಾನು ಕೂಗೋವರೆಗೂ ಏಳಬಾರ್ದು. ಯಾರು ಕರೆದ್ರೂ ಓ ಅನ್ಬಾರ್ದು." ಅಷ್ಟರಲ್ಲಿ ಇಬ್ಬರು ಪುಂಡರು ಜುಟ್ಟು ಹಿಡಿದುಕೊಂಡಿದ್ದರು. ಅಳು ಕೇಳಿ ಉಳಿದ ಬೀಜಗಳೆಲ್ಲ ಎದ್ದು ಬಂದಿದ್ದವು. ಅವಳು ಎಲ್ಲರನ್ನೂ ಒಳಗೆ ಅಟ್ಟಿದ್ದಳು. ಆ ಮಾತನ್ನು ಕೂಗಿಯೇ ಇರಲಿಲ್ಲ.

"ಹಚ್ಚಬೇಡಿ!"

ಅವಳ ಚೀರಾಟಕ್ಕೆ ಬೆಚ್ಚಿ ಮಾಲಿಯ ಕೈಯಿಂದ ಉರಿಯುವ ಕಡ್ಡಿ ಜಾರಿತು. ರಾಶಿಯ ಅಂಚಿನ ಎಲೆಗೆ ಹತ್ತಿದ ಕಿಡಿಯನ್ನು ಅವನು ಚಪ್ಪಲಿಗಾಲಲ್ಲಿ ತುಳಿದು ಆರಿಸಿದ.

"ವಸಂತ ಬಂತು!" ಅವಳು ರಾಶಿಯತ್ತ ಓಡಿದಳು. "ವಸಂತ ಬಂತು ಗುಬ್ಬಿ, ಎದ್ದುಬಿಡು ನನ್ನ ತಾಯಿ!"

ರಾಶಿ ಅಲುಗಿತು. ಜೋಡಿಸಿದ ಎರಡು ಪುಟ್ಟ ಅಂಗೈ ಮೇಲೆದ್ದು, ಹೇಳಿಕೊಟ್ಟ ಹಾಗೇ ಮೊಳಕೆಯಂತೆ ಬಿಚ್ಚಿಕೊಂಡವು. ಆಮೇಲೆ ಬೆವೆತ ಮುಖ ಕಾಣಿಸಿತು. ಮಾಲಿ ಬೆಂಕಿಪೊಟ್ಟಣವನ್ನು ದೂರ ಎಸೆದ.

"ನೀವು ಅಷ್ಟೊಂದ್ಸಲ ಕರೆದ್ರೂ ನಾನು ಓ ಅನ್ಲೇ ಇಲ್ಲ ಮಿಸ್," ಎಂದಳು ಗುಬ್ಬಿ, ಹೆಮ್ಮೆಯಿಂದ. "ನಾನು ಜಾಣೆ ಅಲ್ವಾ?"

ದಿನವೂ ಸಲೀಸಾಗಿ ಬಾಯಿಗೆ ಬರುತ್ತಿದ್ದ ಆ ಮಾತು ಈಗ ಬರಲೊಲ್ಲದು. ಟೀಚರ್ ಮಗುವನ್ನು ಅವಚಿಕೊಂಡು ಎಲೆಗಳ ಮೇಲೇ ಕೂತು ಅತ್ತುಬಿಟ್ಟಳು.

"ನಾನು ಕರೆದ್ರೆ ಓ ಅನ್ನು ಕಂದಾ," ಎಂದಳು. "ನಾನೇ ಬೇಡ ಅಂದಿದ್ರೂ ಓ ಅನ್ನು."